ಎಂಟನೆಯ ವಾರದವರು

ಒಂದು ವಾಸನೆ ಬಂದು ನೆನಪನ್ನು ಎಬ್ಬಿಸಿತು ಎಂದು ಬರೆಯುವವರನ್ನು ನಾನು ಸುಲಭವಾಗಿ ನಂಬುವವಳಲ್ಲ. ಆದರೆ ಮೊನ್ನೆ ಆದದ್ದು ಅದೇ, ಏನು ಮಾಡಲಿ. ಬಳ್ಳಾರಿಯಲ್ಲಿ, ಕೋಟೆ ಗುಡ್ಡದ ಕೆಳಗಿನ ನಮ್ಮ ಓಣಿಯಲ್ಲಿ, ಪಕ್ಕದ ಮನೆಯಾಕೆ ಹಬ್ಬದ ಮುಂಚಿನ ದಿನ ಹೊಸ್ತಿಲಿಗೆ ಕೆಮ್ಮಣ್ಣು ಬಳಿಯುತ್ತಿದ್ದಳು. ತೆಂಗಿನ ಚಿಪ್ಪಿನಲ್ಲಿ ನೆನೆಸಿಟ್ಟ ಕೆಮ್ಮಣ್ಣಿನ ಹಸಿ ವಾಸನೆ. ಮಳೆಯ ವಾಸನೆಯ ಹಾಗಲ್ಲ ಅದು, ಕಬ್ಬಿಣದ ಹಾಗೆ ನಾಲಗೆಗೆ ಹತ್ತುತ್ತದೆ. ಹಾಲಿನ ಪಾಕೀಟು ಹಿಡಿದುಕೊಂಡು ನಾನು ಅಲ್ಲೇ ನಿಂತೆ. ಸಿರುಗುಪ್ಪದ ಶಾಲೆಯ ನೆಲ ಕಣ್ಣ ಮುಂದೆ ಬಂತು. ಅದರ ಮೇಲೆ ಬಗ್ಗಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳಿನಿಂದ ಹುಲಿಯ ಪಟ್ಟೆ ಎಳೆಯುತ್ತಿದ್ದ ಅಕ್ಕೋರು ಬಂದರು.

ಹೆಣ್ಣು ಮಾಸ್ತರರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೆ ಯಾರಾದರೂ ಆ ಹೆಸರಿನಲ್ಲಿ ಒಂದು ಪ್ರಶಸ್ತಿ ಇಡುತ್ತಾರೆ, ಆಮೇಲೆ ಅವರು ನಿಜವಾಗಿಯೂ ಇಲ್ಲವಾಗುತ್ತಾರೆ.

ಅವರು ಯಾವಾಗಲೂ ಹಸಿರು ಸೀರೆ ಉಡುತ್ತಿದ್ದರು ಎಂದು ನನ್ನ ನೆನಪು. ಅದೇ ವರ್ಗದಲ್ಲಿ ನನ್ನ ಜೊತೆ ಓದಿದ, ಈಗ ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಾವುಕಾರನ ಮಗ ಒಪ್ಪುವುದಿಲ್ಲ. "ಹಸರು ಉಟ್ಟದ್ದ ಇಲ್ಲ ಬಿಡವಾ. ಬಟ್ಟಿ ವ್ಯಾಪಾರದವ ನಾನು, ನನಗ ಗೊತ್ತಿಲ್ಲೇನು?" ಎನ್ನುತ್ತಾನೆ. ಇಬ್ಬರಲ್ಲಿ ಒಬ್ಬರು ಸುಳ್ಳು ನೆನಪಿಟ್ಟುಕೊಂಡಿದ್ದೇವೆ. ಇಬ್ಬರೂ ಇರಬಹುದು. ಹೀಗಿರುವಾಗ ಮುಂದಿನದನ್ನೆಲ್ಲ ಪೂರಾ ನಂಬಿ ಎಂದು ನಾನು ಯಾರಿಗೂ ಹೇಳಲಾರೆ. ಆದರೂ ಬರೆಯುತ್ತೇನೆ.

ಅರವತ್ತರ ದಶಕದ ನಡುವೆ ನಾವು ಬರ್ಮಾದಿಂದ ಬಂದವರು. ನನ್ನ ತಾತ ಕರಾವಳಿ ಆಂಧ್ರದಿಂದ ರಂಗೂನಿಗೆ ಹೋಗಿ ಅಕ್ಕಿ ಗಿರಣಿಯಲ್ಲಿ ದುಡಿದವನು. ಅಪ್ಪ ಅಲ್ಲೇ ಹುಟ್ಟಿದ, ಅಲ್ಲಿಯವಳನ್ನೇ ಮದುವೆಯಾದ. ನಂತರ ಅಲ್ಲಿ ಸರ್ಕಾರ ಬದಲಾಗಿ ನಮ್ಮಂಥವರು ಅಲ್ಲಿಯವರಲ್ಲ ಎಂದಾಯಿತು. ಹಡಗು, ಬಂದರು, ಯಾವುದೋ ಛತ್ರ... ಅದೆಲ್ಲ ನನಗೆ ತುಂಡುತುಂಡು. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆಯುತ್ತಾರೆ, ಗಿರಣಿಗಳಲ್ಲಿ ಕೆಲಸವಿದೆ ಎಂದು ಯಾರೋ ಹೇಳಿದ್ದಕ್ಕೆ ಕೆಲವು ಮನೆಯವರು ಸಿರುಗುಪ್ಪಕ್ಕೆ ಬಂದೆವು. ಊರ ಹೊರಗೆ ಕಾಲುವೆಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡೆವು. ಊರವರು ಅದಕ್ಕೆ ಬರ್ಮಾ ಕ್ಯಾಂಪು ಎಂದರು. ನಾವು ಆಡುತ್ತಿದ್ದ ತೆಲುಗು ಅವರಿಗೆ ತಿಳಿಯುತ್ತಿತ್ತು, ನಗುವಷ್ಟು ತಿಳಿಯುತ್ತಿತ್ತು. ಅಮ್ಮನಿಗೆ ಆ ತೆಲುಗೂ ಅರ್ಧಮರ್ಧ. ಅವಳು ಕೆನ್ನೆಗೆ ತೊಗಟೆ ಅರೆದು ಹಳದಿ ಬಿಳುಪಿನ ಲೇಪ ಹಚ್ಚಿಕೊಳ್ಳುತ್ತಿದ್ದಳು, ದಪ್ಪ ಚುಟ್ಟಾ ಸೇದುತ್ತಿದ್ದಳು. ಸಂತೆಯಲ್ಲಿ ಅವಳು ನಡೆದರೆ ತರಕಾರಿಯವರು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದರು.

ಶಾಲೆಯಲ್ಲಿ ನಮ್ಮನ್ನು ಸೇರಿಸಿಕೊಂಡರು, ಸುಳ್ಳು ಹೇಳಬಾರದು. ಆದರೆ ಎಲ್ಲಿ ಕೂರಿಸಿದರು? ನೆಲದ ಮೇಲೆ ಸಾಲಾಗಿ ಕೂರುವ ಶಾಲೆ ಅದು. ಮುಂದೆ ಸಾವುಕಾರರ, ಗೌಡರ ಮಕ್ಕಳು. ಅವರ ಹಿಂದೆ ಉಳಿದವರು. ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗಕ್ಕೆ ಅಂಟಿಕೊಂಡು ಕೇರಿಯ ಮಕ್ಕಳು. ಅವರಿಗೂ ಹಿಂದೆ, ಅರ್ಧ ಒಳಗೆ ಅರ್ಧ ಹೊರಗೆ, ಕ್ಯಾಂಪಿನ ನಾವು. ಯಾರೂ ಹೀಗೆ ಕೂರಿ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲದಷ್ಟು ಅದು ಹಳೆಯದು.

ಅಕ್ಕೋರು ನಮ್ಮ ವರ್ಗಕ್ಕೆ ಬಂದದ್ದು ನಾನು ಮೂರನೆಯ ಇಯತ್ತೆಯಲ್ಲಿದ್ದಾಗ. ಊರು ಕುರುಗೋಡು. ಸಿರುಗುಪ್ಪದಲ್ಲಿ ಒಂದು ಕೋಣೆ ಹಿಡಿದು ಇದ್ದರು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಹಣೆಯ ತುಂಬ ವಿಭೂತಿ. ಕೈಯಲ್ಲಿ ಬೆತ್ತ. ಅದನ್ನು ಅವರು ಅಲಂಕಾರಕ್ಕೆ ಹಿಡಿದವರಲ್ಲ, ನನ್ನ ಅಂಗೈಗೆ ಗೊತ್ತು.

ಒಂದು ಬೆಳಿಗ್ಗೆ ಹಾಜರಿ ಕರೆಯುತ್ತ ಅವರು ನಿಂತರು. ಕ್ಯಾಂಪಿನ ಮಕ್ಕಳೆಲ್ಲರ ಹುಟ್ಟಿದ ದಿನ ಒಂದೇ ಬರೆದಿತ್ತು, ಜೂನ್ ಒಂದು. ದಾಖಲಾತಿ ಮಾಡಿದ ಹೆಡ್ಮಾಸ್ತರರು ಕೈಗೆ ಬಂದದ್ದನ್ನು ಬರೆದುಕೊಂಡಿದ್ದರು. ಆ ಕಾಲದಲ್ಲಿ ಅದು ಎಲ್ಲೆಲ್ಲೂ ಇದ್ದದ್ದೇ.

"ಏನವಾ, ನೀವೆಲ್ಲಾರೂ ಒಂದ ದಿನ ಹುಟ್ಟೀರೇನು? ಹಡಗಿನಾಗ ಹಡೆದರೇನು ನಿಮ್ಮನ್ನ?"

ವರ್ಗ ನಕ್ಕಿತು. ನನಗೆ ಸಿಟ್ಟು ಬಂತು. ಎದ್ದು ನಿಂತು ತೆಲುಗಿನಲ್ಲಿ, ನಾನು ಹುಟ್ಟಿದ್ದು ಬುಧವಾರ ಮಧ್ಯಾಹ್ನದ ಮೇಲೆ, ಎಂದೆ. ನಮ್ಮ ಕಡೆ ತಾರೀಖು ಯಾರಿಗೂ ಬೇಕಿಲ್ಲ, ವಾರ ಸಾಕು. ಹುಟ್ಟಿದ ವಾರದ ಮೇಲೆಯೇ ಹೆಸರಿಡುತ್ತಾರೆ, ಪಗೋಡದಲ್ಲಿ ಆ ವಾರದ ಮೂಲೆಯಲ್ಲೇ ನೀರೆರೆದು ಕೈಮುಗಿಯುತ್ತಾರೆ. ಮತ್ತೆ ನಕ್ಕರು. ಅಕ್ಕೋರು ನಗಲಿಲ್ಲ. ಅವರು ಮೊದಲ ಸಾಲಿನ ಕಡೆ ತಿರುಗಿದರು.

"ಬಸ್ಯಾ, ನೀ ಯಾವತ್ತು ಹುಟ್ಟೀದಿಲೇ?"

"ಸೋಮ್ವಾರರಿ ಅಕ್ಕೋರ. ಅದಕ್ಕ ಬಸವ ಅಂತ ಇಟ್ಟಾರ್ರಿ."

"ಹನುಮ್ಯಾ?"

"ಶನಿವಾರರಿ."

"ತಾರೀಖು?"

"ಅದ್ಯಾಂವನಿಗೆ ಗೊತ್ತ್ರಿ."

ಕೇಳುತ್ತ ಹೋದರು. ಊರಿನ ಮಕ್ಕಳಲ್ಲಿ ತಾರೀಖು ಗೊತ್ತಿದ್ದವರು ಒಬ್ಬಿಬ್ಬರು, ವಾರ ಗೊತ್ತಿದ್ದವರು ಹತ್ತಿರಹತ್ತಿರ ಎಲ್ಲರೂ. ಸಾವುಕಾರನ ಮಗನಿಗೆ ಮಾತ್ರ ಜಾತಕ, ನಕ್ಷತ್ರ, ಪಾದ ಎಲ್ಲ ಗೊತ್ತಿತ್ತು, ವಾರ ಗೊತ್ತಿರಲಿಲ್ಲ. ಅವನು ಅಳುಮೋರೆ ಮಾಡಿದ. "ಹೋಗಿ ನಿಮ್ಮವ್ವನ್ನ ಕೇಳಿ ಬಾ," ಎಂದು ಕಳಿಸಿದರು. ಓಡಿಹೋಗಿ ಬಂದು, ಬಾಗಿಲಲ್ಲೇ ನಿಂತು ಕೂಗಿದ: "ಮಂಗಳ್ವಾರರೀ!"

ಅಕ್ಕೋರು ಆ ದಿನ ಪಾಠ ಮಾಡಿದ ನೆನಪಿಲ್ಲ. ನನ್ನನ್ನು ಮೇಜಿನ ಹತ್ತಿರ ಕರೆದು, ಪ್ರತಿ ವಾರಕ್ಕೂ ನಿಮ್ಮಲ್ಲಿ ಏನೇನಿದೆ ಎಂದು ಬಳ್ಳಾರಿ ತೆಲುಗಿನಲ್ಲಿ ಕೇಳಿದರು. ನಾನು ಪಾಟಿಯ ಮೇಲೆ ಬರೆದು ತೋರಿಸಿದೆ. ಸೋಮವಾರಕ್ಕೆ ಹುಲಿ, ಮಂಗಳವಾರಕ್ಕೆ ಸಿಂಹ, ಬುಧವಾರಕ್ಕೆ ಆನೆ, ಗುರುವಾರಕ್ಕೆ ಇಲಿ, ಶನಿವಾರಕ್ಕೆ ಹಾವು, ಭಾನುವಾರಕ್ಕೆ ಗರುಡ. ಶುಕ್ರವಾರದ ಪ್ರಾಣಿಯ ಹೆಸರು ನನಗೆ ತೆಲುಗಿನಲ್ಲಿ ಬರಲಿಲ್ಲ. ಬಾಲವಿಲ್ಲದ ಇಲಿಯಂಥದ್ದು ಎಂದೆ.

ಅದೇ ಸಂಜೆ ಅವರು ಕ್ಯಾಂಪಿಗೆ ಬಂದರು, ಅಮ್ಮನ ಹತ್ತಿರ ಎಲ್ಲವನ್ನೂ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಲು. ನಮ್ಮ ಗುಡಿಸಲಲ್ಲಿ ಒಣಮೀನಿನ ವಾಸನೆ. ಅಕ್ಕೋರು ಸೆರಗಿನ ತುದಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಮಾತಾಡಿದರು. ಅಮ್ಮ ತಂಬಿಗೆಯಲ್ಲಿ ನೀರು ಕೊಟ್ಟಳು, ಅವರು ಕುಡಿಯಲಿಲ್ಲ, ಪಕ್ಕಕ್ಕಿಟ್ಟರು. ಅಮ್ಮ ಅದನ್ನು ನೋಡಿದಳು. ಇದನ್ನು ಬಿಟ್ಟು ಬರೆದರೆ ಅಕ್ಕೋರು ಇನ್ನೂ ಚೆನ್ನಾಗಿ ಕಾಣುತ್ತಾರೆ. ಆದರೆ ನೀರು ಕುಡಿಯದ ಅದೇ ಹೆಂಗಸು ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಬಂದು, ಕೆಮ್ಮಣ್ಣು ಸುಣ್ಣ ಕಲಸಿಕೊಂಡು, ಒಂದೊಂದು ಸಾಲಿನ ತಲೆಯಲ್ಲಿ ಒಂದೊಂದು ಪ್ರಾಣಿಯನ್ನು ನೆಲದ ಮೇಲೆ ಬರೆಯುತ್ತಿದ್ದರು. ಈ ಎರಡೂ ಒಬ್ಬರಲ್ಲೇ ಇದ್ದವು. ಹೇಗೆ ಎಂದು ನನ್ನನ್ನು ಕೇಳಬೇಡಿ.

ಅವರ ಕೈಯಲ್ಲಿ ಶುಕ್ರವಾರದ ಪ್ರಾಣಿ ಮೊಲವಾಯಿತು. ಅದು ತಪ್ಪು. ಆದರೆ ಶುಕ್ರವಾರದವರು ಮೊಲದವರಾಗಿಯೇ ಉಳಿದರು.

"ಇನ್ನ ಮ್ಯಾಲೆ ನಿಮ್ಮ ನಿಮ್ಮ ವಾರದ ಸಾಲಿನಾಗ ಕುಂದರಬೇಕು. ಮುಂದ ಹಿಂದ ಅನ್ನೂದಿಲ್ಲ. ನಡೀರಿ."

ಗದ್ದಲವೋ ಗದ್ದಲ. ಮುಂದಿನವರು ಹಿಂದೆ ಬಂದರು, ಬಾಗಿಲ ಹತ್ತಿರದವರು ಮೇಜಿನ ಹತ್ತಿರ ಹೋದರು. ಸಾವುಕಾರನ ಮಗನ ಒಂದು ಪಕ್ಕ ಕ್ಯಾಂಪಿನ ಹುಡುಗ, ಇನ್ನೊಂದು ಪಕ್ಕ ಕೇರಿಯ ಹುಡುಗ, ಮೂವರೂ ಸಿಂಹಗಳು. ಗುರುವಾರದವರು ಮಾತ್ರ ತಕರಾರು ಎತ್ತಿದರು.

"ನಾವ್ಯಾಕ್ರಿ ಇಲಿ ಆಗಬೇಕು ಅಕ್ಕೋರ?"

"ಲೇ, ಗಣಪ್ಪ ಯಾರ ಮ್ಯಾಲೆ ಕುಂತಾನ?"

"ಇಲಿ ಮ್ಯಾಲೆರಿ."

"ಮತ್ತ? ಸುಮ್ಮನ ಹೊತ್ತುಗೊಂಡು ಕುಂದರ್ರಿ."

ನಾನು ನಿಂತೇ ಇದ್ದೆ. ಬುಧವಾರದ ಸಾಲಿನಲ್ಲಿ ಕೂರುವುದಿಲ್ಲ ಎಂದೆ. ಅಲ್ಲಿ ಬರೆದದ್ದು ದಂತವಿದ್ದ ಆನೆ. ಅದು ಬುಧವಾರ ಬೆಳಗ್ಗಿನವರಿಗೆ. ಮಧ್ಯಾಹ್ನದ ಮೇಲೆ ಹುಟ್ಟಿದವರದು ದಂತವಿಲ್ಲದ ಆನೆ, ಅದರ ಒಡೆಯ ರಾಹು, ಅದು ಬೇರೆಯೇ ಒಂದು ವಾರ. ನಮ್ಮಲ್ಲಿ ವಾರಗಳು ಎಂಟು.

ರಾಹು ಎಂದ ಕೂಡಲೇ ಊರಿನ ಮಕ್ಕಳು ನನ್ನಿಂದ ಒಂದು ಮಾರು ದೂರ ಸರಿದರು.

"ಎಂಟನೇ ವಾರ ಯಾವ ಕ್ಯಾಲೆಂಡರದಾಗ ಐತಿ ತಾಯಿ?" ಅಕ್ಕೋರು ಕೇಳಿದರು. ನಾನು ಕೂರಲಿಲ್ಲ. ಅವರು ಬೆತ್ತ ಎತ್ತುತ್ತಾರೆ ಎಂದುಕೊಂಡೆ. ಅವರು ಕೆಮ್ಮಣ್ಣಿನ ಬಟ್ಟಲು ಎತ್ತಿಕೊಂಡು ಕಿಟಕಿಯ ಪಕ್ಕ ಹೋಗಿ ದಂತವಿಲ್ಲದ ಆನೆಯನ್ನು ಬರೆದರು. ಆ ಸಾಲಿನಲ್ಲಿ ನಾನೊಬ್ಬಳೇ.

ಬಹಳ ಹೊತ್ತು ಒಬ್ಬಳೇ ಇರಲಿಲ್ಲ. ಕೇರಿಯ ದುರುಗಿ ಬಾಗಿಲಲ್ಲೇ ನಿಂತಿದ್ದಳು. ಅವಳ ಅವ್ವ ಅವಳನ್ನು ಹೆತ್ತು ಸತ್ತಿದ್ದಳು, ಯಾವ ವಾರ ಎಂದು ಹೇಳುವವರು ಯಾರೂ ಇರಲಿಲ್ಲ. "ನಂದು ಗೊತ್ತಿಲ್ಲರಿ," ಎಂದಳು. ಅಕ್ಕೋರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಗೊತ್ತಿಲ್ಲದವರೆಲ್ಲ ಎಂಟನೇ ವಾರದವರು. ಅಲ್ಲಿ ಕುಂದರ್ರಿ," ಎಂದರು. ದುರುಗಿ ಬಂದಳು. ಆಮೇಲೆ ಇನ್ನೂ ಕೆಲವರು ಬಂದರು. ಕೆಲವು ದಿನಗಳಲ್ಲಿ, ಕಿಟಕಿಯ ಗಾಳಿಗೆ ಆಸೆಪಟ್ಟು, ತಮ್ಮ ವಾರ ಮರೆತುಹೋಯಿತು ಎಂದು ಹೇಳುವವರೂ ಹುಟ್ಟಿಕೊಂಡರು. ಅಮ್ಮನ ರಾಹು, ಅವಳಿಗೆ ಗೊತ್ತೇ ಇಲ್ಲದೆ, ಇಲ್ಲಿ ಬಂದು ವಾರ ಗೊತ್ತಿಲ್ಲದವರ ಒಡೆಯನಾದ.

ಅಕ್ಕೋರು ಅದನ್ನೇ ಹಿಡಿದು ಲೆಕ್ಕ ಕಲಿಸಿದರು, ಓದು ಕಲಿಸಿದರು. ಹುಲಿಗಳ ತಲೆ ಎಷ್ಟು, ಸಿಂಹಗಳ ತಲೆ ಎಷ್ಟು, ಕೂಡಿಸಿ ಕಳೆ. ಹಾವಿನ ಸಾಲಿನವರು ಗರುಡದ ಸಾಲಿನವರಿಗೆ ಪ್ರಶ್ನೆ ಕೇಳಬೇಕು. ನಾವು ನಮ್ಮ ತೆಲುಗಿನಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕೂತವನು ಕನ್ನಡದಲ್ಲಿ ಹೇಳಬೇಕು, ಅವನು ಕನ್ನಡದಲ್ಲಿ ಹೇಳಿದ್ದನ್ನು ನಾವು. ನಾನು ಕನ್ನಡ ಕಲಿತದ್ದು ಪುಸ್ತಕದಿಂದಲ್ಲ, ದುರುಗಿಯ ಬಾಯಿಂದ. ಅವಳ ಬೈಗುಳಗಳ ಸಮೇತ.

ಸಾವುಕಾರ ಬಂದ. ಬರದೇ ಇರುತ್ತಾನೆಯೇ? ಶಾಲಾ ಕಮಿಟಿಯಲ್ಲಿದ್ದವನು. ಹೆಡ್ಮಾಸ್ತರರನ್ನು ಹಿಂದಿಟ್ಟುಕೊಂಡು ಬಾಗಿಲಲ್ಲಿ ನಿಂತ.

"ನಮ್ಮ ಹುಡುಗನ್ನ ಯಾರ ಮಗ್ಗಲಕ ಕುಂದ್ರಿಸೀರಿ ಅಕ್ಕೋರ?"

"ಮಂಗಳವಾರದ ಮಗ್ಗಲಕ ಮಂಗಳವಾರ ಕುಂದ್ರಿಸೀನ್ರಿ ಸಾವ್ಕಾರ್ರ. ಬ್ಯಾಡಾಗಿದ್ರ ಬ್ಯಾರೆ ವಾರ ಹುಟ್ಟಿಸಬೇಕಿತ್ತು ನೀವು."

ವರ್ಗದಲ್ಲಿ ಯಾರೋ ಕಿಸಕ್ಕೆಂದರು. ಸಾವುಕಾರನ ಮಗನೇ ಇರಬೇಕು, ಅವನು ಒಪ್ಪುವುದಿಲ್ಲ. ಸಾವುಕಾರ ಕೂಗಾಡಲಿಲ್ಲ. ಅವನು ಜಾಣ. ಬಹಳ ಮೆತ್ತಗೆ ಮಾತಾಡಿದ. ಕಾಲುವೆ ಹತ್ತಿರ ತನ್ನ ಗಿರಣಿಯ ಗೋಡೌನ್ ಖಾಲಿ ಇದೆ, ಕ್ಯಾಂಪಿನ ಮಕ್ಕಳಿಗೆ ಅಲ್ಲೇ ಒಂದು ಶಾಲೆ ಮಾಡೋಣ, ತೆಲುಗು ಬರುವ ಯಾರನ್ನಾದರೂ ಇಡೋಣ. "ಪಾಪ, ಕೂಸುಗಳು ತಮ್ಮ ಭಾಷಾದಾಗ ಕಲೀಲಿ. ಇಲ್ಲಿ ಯಾಕ ಕಷ್ಟಪಡಬೇಕು?"

ಆ ಮಾತಿನ ರುಚಿ ನನಗೆ ಈಗಲೂ ಬಾಯಲ್ಲಿದೆ. ಸಿಹಿಯಾಗಿತ್ತು.

ಅಕ್ಕೋರು ಒಪ್ಪಲಿಲ್ಲ. ಮಾತು ಇನ್‌ಸ್ಪೆಕ್ಟರ್ ಸಾಹೇಬರ ತನಕ ಹೋಯಿತು. ವರ್ಷದ ತಪಾಸಣೆಗೆ ಅವರು ಬರುವವರಿದ್ದರು, ಕ್ಯಾಂಪಿನ ಮಕ್ಕಳು ಈ ಶಾಲೆಯಲ್ಲಿ ಇರಬೇಕೋ ಗೋಡೌನಿಗೆ ಹೋಗಬೇಕೋ ಅವರೇ ಹೇಳುತ್ತಾರೆ ಎಂದಾಯಿತು. ಹೆಡ್ಮಾಸ್ತರರು ಅಕ್ಕೋರಿಗೆ ಎರಡು ಮಾತು ಹೇಳಿದರು. ತಪಾಸಣೆಯ ದಿನ ನೆಲ ತೊಳೆದಿರಬೇಕು. ಕ್ಯಾಂಪಿನ ಮಕ್ಕಳು ಮನೆಯಲ್ಲಿರಬೇಕು. ಅಕ್ಕೋರು ಮೊದಲನೆಯದನ್ನು ಮಾತ್ರ ಮಾಡಿದರು. ತಾವೇ ನೀರು ಹೊತ್ತು ತಂದು ಕಸಬರಿಗೆಯಿಂದ ಉಜ್ಜಿ ತೊಳೆದರು. ಹುಲಿ ಸಿಂಹಗಳೆಲ್ಲ ಕೆಂಪು ನೀರಾಗಿ ಅಂಗಳಕ್ಕೆ ಹರಿದು ಹೋದವು.

ಆ ದಿನ ನಾವು ಹೋದೆವು. ಹೆಡ್ಮಾಸ್ತರರು ನಮ್ಮನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ಮಿಸುಕಬೇಡಿ ಎಂದರು. ಸಾಹೇಬರ ಜೀಪು ಬಂತು. ಬೆವರು ಒರೆಸಿಕೊಳ್ಳುತ್ತ ಇಳಿದ ಅವರು ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ಅವರು ನಮ್ಮ ವರ್ಗದೊಳಗೆ ಕಾಲಿಟ್ಟ ಕೂಡಲೇ ಅಕ್ಕೋರು ಹೊರಗೆ ಬಂದು, "ಏಳ್ರಿ, ಒಳಗ ಬರ್ರಿ," ಎಂದರು. ಹೆಡ್ಮಾಸ್ತರರ ಮುಂದೆಯೇ ನಮ್ಮನ್ನು ಒಳಗೆ ನಡೆಸಿಕೊಂಡು ಹೋದರು. "ಇವರೂ ನಮ್ಮವರರಿ ಸಾಹೇಬ್ರ. ಹಾಜರಿ ಹಿಡದೀನಿ."

ಚಿತ್ರಗಳಿಲ್ಲದ ನೆಲದ ಮೇಲೆ ಮಕ್ಕಳೆಲ್ಲ ತಾವಾಗಿಯೇ ತಮ್ಮ ತಮ್ಮ ವಾರದ ಸಾಲಿಗೆ ಸರಿದು ಕೂತರು, ಎಂದು ಬರೆಯಲು ಕೈ ತುಡಿಯುತ್ತದೆ. ಅಷ್ಟು ಚೆಂದವಾಗಿ ಯಾವುದೂ ಆಗುವುದಿಲ್ಲ. ಯಾರೋ ನಾಲ್ಕು ಜನ ಸರಿದರು. ಒಬ್ಬನ ತಲೆಗೆ ಹೆಡ್ಮಾಸ್ತರರು ಮೊಟಕಿದರು. ನಾನು ಅಭ್ಯಾಸಬಲದಿಂದ ಕಿಟಕಿಯ ಹತ್ತಿರ ಹೋಗಿ ಕೂತೆ, ದುರುಗಿ ನನ್ನ ಪಕ್ಕ. ಅಷ್ಟೇ.

ಸಾಹೇಬರು ನನ್ನನ್ನು ಎಬ್ಬಿಸಿದರು. ಸುಲಭದ್ದನ್ನೇ ಕೇಳಿದರು.

"ವಾರ ಎಷ್ಟಮ್ಮ?"

ಏಳು ಎಂದು ಹೇಳಬೇಕೆಂದು ನನಗೆ ಗೊತ್ತಿತ್ತು. ಗೋಡೆಯ ಮೇಲೆ ಕ್ಯಾಲೆಂಡರು ತೂಗುತ್ತಿತ್ತು. ಆದರೆ ನಾನು ಕೂತಿದ್ದ ಜಾಗ ಯಾವುದು? ಏಳು ಎಂದರೆ ನಾನೂ ದುರುಗಿಯೂ ಎಲ್ಲಿ ಕೂತಹಾಗಾಯಿತು?

"ಎಂಟ್ರಿ," ಎಂದೆ.

ಹೆಡ್ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ನಕ್ಕು, ಮುಂದಿದ್ದ ಸಾವುಕಾರನ ಮಗನನ್ನು ಕೇಳಿದರು. "ನೀ ಹೇಳಪಾ, ಎಷ್ಟು?"

"ಎಂಟ್ರಿ."

ಇದರ ಬಗ್ಗೆ ಅವನನ್ನು ಎಷ್ಟೋ ಸಲ ಕೇಳಿದ್ದೇನೆ. "ಧೈರ್ಯ ಗೀರ್ಯ ಏನಿಲ್ಲವಾ," ಎನ್ನುತ್ತಾನೆ, "ಎಂಟ ಅಂತನ ತಿಳಕೊಂಡಿದ್ದೆ. ಹೈಸ್ಕೂಲಿನಾಗೂ ಒಮ್ಮಿ ಎಂಟ ಅಂದು ಹೊಡತ ತಿಂದೀನಿ."

"ಈ ಎಂಟನೇದು ಯಾವಾಗ ಬರ್ತದೆ?" ಸಾಹೇಬರ ದನಿಯಲ್ಲಿ ನಗು ಕಡಿಮೆಯಾಗಿತ್ತು.

ಉತ್ತರ ಕೊಟ್ಟದ್ದು ದುರುಗಿ. "ಬುಧವಾರ ಊಟದ ಗಂಟಿ ಹೊಡದ ಮ್ಯಾಲೆರಿ."

ಸಾಹೇಬರು ಅಕ್ಕೋರ ಕಡೆ ತಿರುಗಿದರು. ಅಕ್ಕೋರು ಆಗ ಒಂದು ಮಾತು ಹೇಳಬಹುದಿತ್ತು. ಹುಡುಗರು ತಪ್ಪು ಹೇಳಿದರು, ಕ್ಷಮಿಸಿ, ತಿದ್ದುತ್ತೇನೆ. ಅಷ್ಟು ಸಾಕಿತ್ತು, ಅವರ ನೌಕರಿಗೂ ಒಳ್ಳೆಯದಿತ್ತು. ಅವರು ಬೆತ್ತವನ್ನು ಮೇಜಿನ ಮೇಲಿಟ್ಟರು.

"ಏಳು ಅಂತ ನಾ ಹೇಳಿಕೊಟ್ಟೀನ್ರಿ ಸಾಹೇಬ್ರ. ಅದು ಇವರಿಗೆ ಬರತೈತಿ, ಬರಸಿ ನೋಡ್ರಿ. ಎಂಟನೇದು ಇವರು ನನಗ ಹೇಳಿಕೊಟ್ಟಾರ."

ಸಾಹೇಬರು ಬರೆಸಿ ನೋಡಲಿಲ್ಲ. ಪಕ್ಕದ ವರ್ಗಕ್ಕೆ ಹೋದರು.

ಬೇಸಿಗೆ ರಜೆಯ ಮುಂಚೆಯೇ ಎರಡು ಆರ್ಡರು ಬಂದವು. ಕ್ಯಾಂಪಿನ ಮಕ್ಕಳು ಜೂನಿನಿಂದ ಗೋಡೌನಿಗೆ. ಅಕ್ಕೋರು ಕುರುಗೋಡಿಗೆ. ಸ್ವಂತ ಊರಿಗೇ ಹಾಕಿದ್ದಾರಲ್ಲ, ಇನ್ನೇನು ಬೇಕು, ಎಂದು ಎಲ್ಲರೂ ಅವರಿಗೆ ಶುಭಾಶಯ ಹೇಳಿದರು. ಶಿಕ್ಷೆಯನ್ನು ಉಡುಗೊರೆಯ ಹಾಗೆ ಕೊಡುವುದನ್ನು ನಾನು ಮೊದಲು ನೋಡಿದ್ದು ಆಗ.

ಹೋಗುವ ಮುಂಚೆ ಅವರು ಎರಡನೆಯ ಸಲ ಕ್ಯಾಂಪಿಗೆ ಬಂದರು. ಹೆಂಗಸರೆಲ್ಲ ಕೂಡಿದರು. ಅವರು ಹೇಳಿದ್ದು ತೆಲುಗಿನಲ್ಲೇ ಇರಬೇಕು, ಆದರೆ ನನ್ನ ತಲೆಯಲ್ಲಿ ಅದು ಕನ್ನಡದಲ್ಲೇ ಉಳಿದಿದೆ. "ಆ ಗೋಡೌನಿಗೆ ಒಂದ ದಿನಾನೂ ಮಕ್ಕಳನ್ನ ಕಳಿಸಬ್ಯಾಡ್ರಿ. ಒಂದ ದಿನ ಹೋದ್ರ ಅದ ನಿಮ್ಮ ಸಾಲಿ ಆಗತೈತಿ. ಅವರ ಹೆಸರು ಇನ್ನೂ ನಮ್ಮ ಸಾಲ್ಯಾಗ ಅದಾವು. ಒಳಗ ಬಿಡೂ ತನಕ ಅಲ್ಲೇ ಕಟ್ಟಿ ಮ್ಯಾಲೆ ಕುಂದರ್ರಿ." ಅಮ್ಮ ಮತ್ತೆ ನೀರು ಕೊಟ್ಟಳು. ಅವರು ಈ ಸಲವೂ ಕುಡಿಯಲಿಲ್ಲ. ಅಮ್ಮ ಈ ಸಲ ಅದನ್ನು ನೋಡಲಿಲ್ಲ, ಅಥವಾ ನೋಡದ ಹಾಗೆ ಮಾಡಿದಳು... ನನಗೆ ಗೊತ್ತಿಲ್ಲ.

ಜೂನಿನಲ್ಲಿ ಶಾಲೆ ತೆರೆದ ದಿನ ಅಮ್ಮಂದಿರು ನಮ್ಮನ್ನು ಕರೆದುಕೊಂಡು ಹೋಗಿ ಶಾಲೆಯ ಕಟ್ಟೆಯ ಮೇಲೆ ಕೂತರು. ಕೆನ್ನೆಗೆ ಲೇಪ ಹಚ್ಚಿಕೊಂಡು, ಲುಂಗಿಯಂಥ ಬಟ್ಟೆ ಸುತ್ತಿಕೊಂಡು, ಸಾಲಾಗಿ. ಅಮ್ಮ ಚುಟ್ಟಾ ಹಚ್ಚಿದಳು. ಉಳಿದವರೂ ಹಚ್ಚಿದರು. ಗಾಳಿ ಒಳಮುಖವಾಗಿತ್ತು. ಹೆಡ್ಮಾಸ್ತರರು ಕೆಮ್ಮುತ್ತ ಹೊರಗೆ ಬಂದು ಕೈ ಮುಗಿದರು.

"ತಾಯಿ, ನಿಮ್ಮ ಸಾಲಿ..." ಎಂದು ಆರಂಭಿಸಿ, ನಿಲ್ಲಿಸಿ, ಕಾಲುವೆಯ ಕಡೆ ಕೈ ತೋರಿಸಿದರು. "ಅಲ್ಲಿ ಐತ್ರಿ."

"ಇಕ್ಕಡೇ," ಎಂದಳು ಅಮ್ಮ. ಇಲ್ಲೇ. ಅವಳ ತೆಲುಗಿನಲ್ಲಿ ತಪ್ಪಿಲ್ಲದೆ ಬರುತ್ತಿದ್ದ ಕೆಲವೇ ಮಾತುಗಳಲ್ಲಿ ಅದೊಂದು.

ಎಷ್ಟು ದಿನ ಕೂತರು ಎಂಬುದಕ್ಕೆ ಕ್ಯಾಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಬಾಗಿಲು ತೆರೆದಿತ್ತು, ಯಾರೂ ತಡೆಯಲಿಲ್ಲ, ನಾವು ಒಳಗೆ ಹೋದೆವು. ಯಾಕೆ ಬಿಟ್ಟರು? ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮ ಹೆಂಗಸರು ಕೆಲಸಕ್ಕೆ ಬರದೆ ಸಾವುಕಾರನ ಭತ್ತ ಅಂಗಳದಲ್ಲೇ ಬಿತ್ತು ಎನ್ನುತ್ತಿದ್ದ ಅಪ್ಪ. ಹೊಗೆ ತಾಳಲಾರದೆ ಎನ್ನುತ್ತಾನೆ ಸಾವುಕಾರನ ಮಗ. ಎರಡೂ ನಿಜವಿರಲಿ. ನಾವು ಗೆದ್ದೆವು ಎನ್ನುವುದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಒಳಗೆ ಹೊಸ ಮಾಸ್ತರರಿದ್ದರು, ನೆಲ ಬರೀ ನೆಲವಾಗಿತ್ತು. ನಾವು ಬಾಗಿಲ ಹತ್ತಿರವೇ ಕೂತೆವು. ಸಾವುಕಾರನ ಮಗ ಮೊದಲ ಸಾಲಿನಿಂದ ಒಮ್ಮೆ ಹಿಂತಿರುಗಿ ನೋಡಿದ. ದುರುಗಿ ಆ ವರ್ಷ ಶಾಲೆಗೆ ಬರಲೇ ಇಲ್ಲ. ಅವಳಿಗಾಗಿ ಕಟ್ಟೆಯ ಮೇಲೆ ಕೂರಲು ಅವ್ವ ಇರಲಿಲ್ಲ, ನಮ್ಮ ಅಮ್ಮಂದಿರಿಗೆ ಅದು ಹೊಳೆಯಲೂ ಇಲ್ಲ.

ಎಂಬತ್ತರ ದಶಕದಲ್ಲಿ ನನಗೂ ಶಾಲೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಕುರುಗೋಡಿಗೆ ಹೋದೆ. ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ. ಬಾಗಿಲು ತೆರೆದ ಹೆಂಗಸು ಅಕ್ಕೋರ ತಮ್ಮನ ಹೆಂಡತಿ. ಅಕ್ಕೋರು ಹಿಂದಿನ ವರ್ಷವೇ ತೀರಿಕೊಂಡಿದ್ದರು. "ಭಾಳ ಸಿಟ್ಟಿನಾಕಿ ನೋಡ್ರಿ ನಮ್ಮ ಅತ್ತಿಗಿ," ಎಂದರು ಆಕೆ, "ನೀವು ಸಿರುಗುಪ್ಪದಿಂದ ಬಂದೀರೇನು? ಆ ಊರಿನ ಮಾತು ಎತ್ತಿದವರಲ್ಲ." ಅವರು ಕೆಲಸ ಮಾಡಿದ ಶಾಲೆಗೂ ಹೋದೆ. ಪ್ರಾಣಿಗಳ ಬಗ್ಗೆ ಕೇಳಿದೆ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಎಲ್ಲರ ಹಾಗೆ ಒಬ್ಬ ಟೀಚರು, ಪುಸ್ತಕದಲ್ಲಿದ್ದದ್ದನ್ನು ಕಲಿಸಿದರು, ಎಂದರು. ಅವರ ಮನಸ್ಸು ಮುರಿದಿತ್ತೇ? ಅಥವಾ ಆ ವರ್ಗದಲ್ಲಿ ಅದರ ಅಗತ್ಯ ಬೀಳಲಿಲ್ಲವೇ? ಮೊದಲನೆಯದನ್ನು ನಂಬಿದರೆ ಕಥೆ ಚೆನ್ನಾಗಿ ಮುಗಿಯುತ್ತದೆ. ಅದಕ್ಕೇ ಅದನ್ನು ನಂಬಲು ನನಗೆ ಮನಸ್ಸಿಲ್ಲ. ವಾಪಸು ಬಳ್ಳಾರಿಯ ಬಸ್ಸಿನಲ್ಲಿ ನಾನು ಅಳಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಈಗ ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದಾರೆ, ರೈಲಿನಲ್ಲಿ ಮೂರು ರಾಜ್ಯ ದಾಟಿ. ಕಳೆದ ವಾರ ಒಬ್ಬ ಯುವಕ ಫೋನ್ ಮಾಡಿದ. ಆ ಮಕ್ಕಳಿಗೆ ಅವರದೇ ಭಾಷೆಯಲ್ಲಿ, ಅವರದೇ ಹಾಡು ಕಥೆಗಳಲ್ಲಿ ಕಲಿಸುವ ಕೇಂದ್ರ ತೆರೆಯುತ್ತಿದ್ದೇವೆ, ನೀವೇ ಉದ್ಘಾಟಿಸಬೇಕು ಎಂದ. ನಾನು ಮುಂಚೆಯೇ ಹೋಗಿ ನೋಡಿದೆ. ಶುಭ್ರವಾದ ಶೆಡ್ಡು. ಗೋಡೆಯ ತುಂಬ ಚಿತ್ರ. ಅವರ ಭಾಷೆ ಬಲ್ಲ ಒಬ್ಬ ಹುಡುಗಿ ಹಾಡು ಹೇಳಿಕೊಡುತ್ತಿದ್ದಳು, ಮಕ್ಕಳು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು. ಆ ಹುಡುಗಿ ಬಹಳ ಒಳ್ಳೆಯ ಶಿಕ್ಷಕಿ. ಶೆಡ್ಡಿಗೆ ಅಂಟಿಕೊಂಡೇ ಸರ್ಕಾರಿ ಶಾಲೆಯಿದೆ. ನಡುವೆ ತಲೆಯೆತ್ತರದ ಗೋಡೆ.

ಶಾಲೆಯ ಒಳಗೇ ಯಾಕಿಲ್ಲ ಎಂದು ಕೇಳಿದೆ. "ಅಲ್ಲಿ ಇವರಿಗೆ ಅರ್ಥ ಆಗಲ್ಲರೀ ಮೇಡಂ. ಮೊದಲು ಇಲ್ಲಿ ತಯಾರಾಗಲಿ, ಆಮೇಲೆ ನೋಡೋಣ," ಎಂದ ಯುವಕ. ಕಳ್ಳ ಮಾತಲ್ಲ, ಮನಸಾರೆ ಹೇಳಿದ. ಹಳೆಯ ಸಾವುಕಾರನ ಜೊತೆ ಅವನನ್ನು ಕೂರಿಸಿದರೆ ಅನ್ಯಾಯವಾಗುತ್ತದೆ. ಆ ಶೆಡ್ಡು ಬೇಡ ಎಂದರೆ ಆ ಹಾಡೂ ಇಲ್ಲ. ಬೇಕು ಎಂದರೆ ಆ ಗೋಡೆ. ಇಂಥ ಹೊತ್ತಿನಲ್ಲಿ ಕೇಳಬೇಕಾದವರು ಒಬ್ಬರೇ ಇದ್ದರು, ಅವರಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಮ್ಮನೂ ಇಲ್ಲ. ನಾನೇ ಹೇಳಬೇಕು, ತಪ್ಪಾದರೂ.

ನಿನ್ನೆ ಅವನಿಗೆ ಫೋನ್ ಮಾಡಿ, ಬರುತ್ತೇನೆ ಎಂದೆ.

"ಬಹಳ ಸಂತೋಷ ಮೇಡಂ. ರಿಬ್ಬನ್ನು ಕತ್ತರಿ ಎಲ್ಲ ನಾವೇ ತಂದಿಡ್ತೀವ್ರಿ."

"ಜೊತಿಗೆ ಒಬ್ಬ ಗೌಂಡಿನೂ ಕರಸಪಾ."

"ಗೌಂಡಿ ಯಾಕ್ರಿ ಮೇಡಂ?"

"ಆ ಗ್ವಾಡಿಗೆ ಒಂದು ಬಾಗ್ಲ ಇಡಾಕ."

ಫೋನ್ ಕಿವಿಗೆ ಹಿಡಿದುಕೊಂಡೇ ಹೋಗಿ ನಾನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತೆ.